ಜವರ ಎಣಿಸುವ ಐದು ಮಣಿ

ಬೆಳಗಿನ ಆರು ಗಂಟೆ. ಶ್ರೀಮಂಗಲದ ಆಚೆಗಿನ ಎಸ್ಟೇಟ್ ಆಸ್ಪತ್ರೆಯ ಮೇಜಿನ ಮೇಲೆ ಕಾಫಿ ಮೂಟೆ ಹೊರುವ ಲಿಂಗ ಮಗ್ಗುಲಾಗಿ ಮಲಗಿದ್ದಾನೆ. ತೊಡೆಸಂದಿಗೆ ಇಳಿದ ಕರುಳು ಸಿಕ್ಕಿಕೊಂಡಿದೆ. ಈಗಲೇ ಕೊಯ್ಯದಿದ್ದರೆ ಜೀವಕ್ಕೇ ಸಂಚಕಾರ. ಅದಕ್ಕೆ ಮೊದಲು ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸಬೇಕು. ಲಿಂಗನ ಕತ್ತು, ಮೊಣಕಾಲು ಎರಡನ್ನೂ ತಬ್ಬಿ ಅವನನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿದವನು ಜವರ.

"ಮಂಡಿಗೆ ಮೂಗು ಮುಟ್ಸಪ್ಪ. ಬೆನ್ನು ಬಗ್ಗಿದಷ್ಟೂ ಮೂಳೆಯ ಮಣಿ ಮಣಿ ನಡುವೆ ಸಂದು ಬಿಡ್ತದೆ. ಸೂಜಿಗೆ ಅದೇ ದಾರಿ."

ಸೂಜಿ ಹಾಕುವ ಡಾಕ್ಟರ್ ಮರುಳಸಿದ್ದಪ್ಪನವರ ಹೆಸರು ಎಸ್ಟೇಟ್ ದೊರೆಗಳ ಬಂಗಲೆಯವರೆಗೂ ಹೋಗಿದೆ. ಹಿಡಿದುಕೊಂಡವನ ಹೆಸರು ಯಾರಿಗೆ ಬೇಕು ಹೇಳಿ? ಹತ್ತು ವರ್ಷದಲ್ಲಿ ನಾನೂರು ಬೆನ್ನು ಹಿಡಿದಿದ್ದಾನೆ ಈ ಪುಣ್ಯಾತ್ಮ.

ಮೊದಲು ಇವನ ಕೆಲಸ ಬೇಟೆಯಲ್ಲಿ ಬಿದ್ದ ಕಡವೆಯನ್ನು ಕೊಯ್ದು ಪಾಲು ಹಾಕುವುದು. ಕತ್ತಿಗಿಂತ ಮೊದಲು ಬೆರಳೇ ಕೀಲು ಹುಡುಕುತ್ತಿತ್ತು. ಅದನ್ನು ಕಂಡೇ ಡಾಕ್ಟರು ಆಸ್ಪತ್ರೆಗೆ ಕರೆತಂದರು. ಮೊದಲ ವರ್ಷವೇ ಆ ಬೆರಳು ಎಡವಿತು.

ಅಂದು ಮೇಜಿನ ಮೇಲಿದ್ದವಳು ಕಾಫಿ ಪಿಕ್ಕಿಂಗಿಗೆ ಬರುವ ದೊಡ್ಡಿ. "ಸೊಂಟದ ಮಣಿಗಳಲ್ಲಿ ಮೇಲಿಂದ ಮೂರನೆಯದಕ್ಕೆ ಬೆರಳಿಡು" ಎಂದರು ಡಾಕ್ಟರು. ದೊಡ್ಡಿ ಮೈತುಂಬಿದ ಹೆಂಗಸು. ಮೇಲಿಂದ ಎಣಿಸಲು ಗುರುತಾದ ಕೊನೆಯ ಪಕ್ಕೆಲುಬು ಕೈಗೆ ಸಿಗಲಿಲ್ಲ. ಜವರ ಕೆಳಗಿನಿಂದ ಎಣಿಸಿದ. ಕಡವೆಗೆ ಸೊಂಟದ ಮಣಿ ಆರು. ಹಾಗಾದರೆ ಮೇಲಿಂದ ಮೂರನೆಯದೆಂದರೆ ಕೆಳಗಿಂದ ನಾಲ್ಕನೆಯದು. ಲೆಕ್ಕ ಸರಿಯೇ, ಆದರೆ ಮನುಷ್ಯರಿಗಿರುವುದು ಐದು!

ಡಾಕ್ಟರು ಸೂಜಿ ಹಿಡಿದ ಕೈ ತಡೆದರು. ಸೊಂಟದ ಎರಡೂ ಬದಿಯ ಮೂಳೆಯ ಏಣನ್ನು ಮುಟ್ಟಿ ಅಡ್ಡಗೆರೆ ಎಳೆದರು. ಆ ಗೆರೆ ಹಾಯುವುದು ಮೇಲಿಂದ ನಾಲ್ಕನೆಯ ಮಣಿಯ ಮೇಲೆ. ಜವರನ ಬೆರಳು ಇದ್ದದ್ದು ಎರಡನೆಯದರ ಮೇಲೆ.

"ಬೆನ್ನುಹುರಿ ಮುಗಿಯೋದೇ ಅಲ್ಲಿ, ಜವರ. ಅದರ ಕೆಳಗೆ ಬರೀ ನರದ ಎಳೆಗಳು, ಸೂಜಿ ಬಂದರೆ ಸರಿದುಕೊಳ್ತವೆ. ಹುರಿಗೇ ಚುಚ್ಚಿದ್ದರೆ ಇವಳ ಕಾಲು ಹೋಗ್ತಿತ್ತು."

"ಮೂರು ದಿನ ಅನ್ನ ಇಳೀಲಿಲ್ಲ" ಎನ್ನುತ್ತಾನೆ ಜವರ. "ಕೆಲಸ ಹೋದ್ರೆ ಹೋಗ್ಲಿ ಅಂತಿದ್ದೆ. ಡಾಕ್ಟ್ರು ಬೈಲಿಲ್ಲ. ಏಣು ಹಿಡಿದು ಎಣಿಸೋದು ಕಲಿಸಿದ್ರು." ಈಗ ಎಂಥ ಸ್ಥೂಲಕಾಯರೇ ಬರಲಿ, ಅವನ ಬೆರಳಿಗೆ ಐದೂ ಸಿಗುತ್ತವೆ. "ಮೈಭಾರವೆಲ್ಲ ಇವುಗಳ ಮೇಲೇ. ಅದಕ್ಕೇ ದಪ್ಪ, ಬೆನ್ನಿನ ಕಡೆ ಕೊಡಲಿ ಅಲಗಿನ ಹಾಗೆ ಅಗಲ."

ಅಂದಿನಿಂದ ರೋಗಿಯ ಕಾಲ್ಬೆರಳು ಆಡುವವರೆಗೆ ಅವನು ಮಂಚ ಬಿಟ್ಟು ಕದಲುವವನಲ್ಲ. ಇಂದೂ ಅಷ್ಟೆ. ಆಪರೇಷನ್ ಮುಗಿದಿದೆ, ಜವರ ಲಿಂಗನ ಪಾದವನ್ನೇ ನೋಡುತ್ತ ಕುಳಿತಿದ್ದಾನೆ. ಒಂಬತ್ತಾಯಿತು, ಏನೂ ಇಲ್ಲ. ಹತ್ತರ ಹೊತ್ತಿಗೆ ಹೆಬ್ಬೆರಳು ಅಲುಗುತ್ತದೆ. ಜವರ ಬಾಯಿಗೆ ಎಲೆಯಡಿಕೆ ಹಾಕುವುದು ಆಮೇಲೆಯೇ.

ಆಸೆಯೇನೆಂದು ಕೇಳಿದರೆ ಗೋಡೆಗೆ ತೂಗುಹಾಕಿದ ಬೆನ್ನುಮೂಳೆಯ ಪಟ ತೋರಿಸುತ್ತಾನೆ. "ಇಲ್ಲಿ ಇರೋದು ಬರೀ ಚಿತ್ರ. ಚಿತ್ರ ಬೆರಳಿಗೆ ಸಿಗಲ್ಲ. ನಾನು ಸತ್ತ ಮೇಲೆ ನನ್ನ ಐದು ಮಣಿ ಇಲ್ಲೇ ಇಟ್ಕೊಳ್ಳಿ ಅಂತ ಡಾಕ್ಟ್ರಿಗೆ ಅಂದಿದೀನಿ. ಮುಂದೆ ಬರೋನು ಕಡವೆ ಲೆಕ್ಕ ಹಾಕ್ಬಾರ್ದು."

ಗಂಜಿ ತಂದ ಹೆಂಡತಿ ಚಿಕ್ಕಿ ಗದರುತ್ತಾಳೆ. "ಸೊಂಟ ಇಲ್ದೆ ಮೇಲೋಗಿ ಹಿರೀಕರ ಮುಂದೆ ಹೆಂಗೆ ನಿಂತ್ಕೋತೀಯ?"

"ಕೂತ್ಕೋತೀನಿ" ಎನ್ನುತ್ತಾನೆ ಜವರ. "ಹತ್ತು ವರ್ಷ ಬಗ್ಗಿ ನಿಂತಿದೀನಲ್ಲ."