ಜನಾರ್ದನ ರಾಯರ ಹಬ್ಬದ ಪಟ್ಟಿ

ಜನಾರ್ದನ ರಾಯರ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇರುತ್ತಿರಲಿಲ್ಲ. ನಾಲ್ಕು ಮಡಿಕೆ ಮಾಡಿದ ಪ್ಲಾಸ್ಟಿಕ್ ಚಾಪೆ, ನೀರಿನ ಬಾಟಲಿ, ಒಂದು ಕೆಂಪು ಪೆನ್ಸಿಲು ಇರುತ್ತಿದ್ದವು. ಲ್ಯಾಪ್‌ಟಾಪನ್ನು ನಾನು ಹೊರುತ್ತಿದ್ದೆ. ಸಹಾಯಕಿ ಎಂದು ನನ್ನನ್ನು ನೇಮಿಸಿಕೊಂಡದ್ದು ಅದಕ್ಕೇ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ಯಾವ ಬಾಲವಾಡಿಗೆ ಹೋದರೂ ರಾಯರು ಚಪ್ಪಲಿ ಕಳಚಿ, ಮೂಲೆಯಲ್ಲಿ ಚಾಪೆ ಹಾಸಿ, ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮೊದಲ ದಿನ ಯಾರನ್ನೂ ಏನೂ ಕೇಳುವಂತಿಲ್ಲ, ಫೋನು ತೆಗೆಯುವಂತಿಲ್ಲ.

"ಮೊದಲು ಕೂತ್ಕೋ ಮಾರಾಯ್ತಿ. ಟೆಕ್ನಾಲಜಿ ಎಲ್ಲಿಗೂ ಓಡಿ ಹೋಗುದಿಲ್ಲ. ನಾವು ಬಂದದ್ದು ಅದಕ್ಕಿನ್ನೂ ಗೊತ್ತೇ ಇಲ್ಲ."

ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹುದ್ದೆಯೇ ಎರಡು ಸಾಲು ಹಿಡಿಯುತ್ತಿತ್ತು: ಅಂತರರಾಷ್ಟ್ರೀಯ ಶಿಶು ಬೆಳವಣಿಗೆ ಕಾರ್ಯಕ್ರಮಗಳ ತಂತ್ರಜ್ಞಾನ ಸಲಹೆಗಾರರು. ಡೊಂಬಿವಲಿಯ ಅವರ ಹೌಸಿಂಗ್ ಸೊಸೈಟಿಯಲ್ಲಿ ಇದನ್ನು ಪೂರ್ತಿ ಓದಿದವರಿಲ್ಲ. ಎಲ್ಲರೂ ತಂತ್ರಜ್ಞಾನದ ಹತ್ತಿರ ನಿಂತುಬಿಟ್ಟಿದ್ದರು; ಲಿಫ್ಟು ಕೆಟ್ಟಾಗಲೆಲ್ಲ ಅವರನ್ನೇ ಕರೆಯುತ್ತಿದ್ದರು. ರಾಯರು ಹೋಗಿ ಲಿಫ್ಟಿನ ಮುಂದೆ ಐದು ನಿಮಿಷ ನಿಂತು, ಕೆಟ್ಟಿದೆ ಎಂದು ಖಚಿತಪಡಿಸಿ ಬರುತ್ತಿದ್ದರು. ನೆಂಟರ ಮದುವೆಗಳಲ್ಲಿ ಇನ್ನೂ ಕಷ್ಟ. ಅವರ ತಂದೆ ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿನ ಮಗ್ಗುಲಲ್ಲೇ ಹೋಟೆಲು ನಡೆಸಿದವರು, ಅಣ್ಣ ಈಗಲೂ ನಡೆಸುವವರು. ಉಡುಪಿಯವನೊಬ್ಬ ಹೋಟೆಲು ಬಿಟ್ಟು ಮಾಡುವುದಾದರೂ ಏನು ಎಂದು ಕೇಳಿದವರಿಗೆ ರಾಯರು "ಮಕ್ಕಳನ್ನು ತೂಗುದು" ಎನ್ನುತ್ತಿದ್ದರು. ಕೇಳಿದವರು ಅಯ್ಯೋ ಪಾಪ ಎಂಬಂತೆ ನೋಡಿ, ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಿದ್ದರು.

ನಾನು ಅವರ ಕೈಕೆಳಗೆ ಮಾಡಿದ ದೊಡ್ಡ ಕೆಲಸ ಕೋಪರಖೈರಣೆಯದು. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹಮಾಲಿ, ಕಟ್ಟಡದ ಕೆಲಸ ಮಾಡುವವರ ಮಕ್ಕಳಿಗಾಗಿ ಅಲ್ಲೊಂದು ಬಾಲವಾಡಿ ಇತ್ತು. ಕನ್ನಡ ಬಲ್ಲವರು ಬೇಕೆಂದು ಹೊರದೇಶದ ಸಂಸ್ಥೆ ನಮ್ಮಿಬ್ಬರನ್ನು ಆರಿಸಿತ್ತು. ನಮ್ಮಿಬ್ಬರ ಮನೆಮಾತೂ ತುಳು. ಅದನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಕೆಲಸವೇನೋ ಸರಳ. ತೂಕದ ದಿನ ತಾಯಂದಿರು ಕೂಸುಗಳನ್ನು ತರುತ್ತಾರೆ. ಹುಟ್ಟಿದ ದಿನ ಮತ್ತು ತೂಕವನ್ನು ಬಾಲವಾಡಿಯ ಟೀಚರು ಫೋನಿಗೆ ಹಾಕುತ್ತಾರೆ. ವಯಸ್ಸಿಗೆ ತಕ್ಕ ತೂಕವಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಹಳದಿ. ಹಳದಿ ಬಂದ ಕೂಸಿಗೆ ದಿನಾ ಮೊಟ್ಟೆ, ಹಿಟ್ಟಿನ ಪೊಟ್ಟಣ, ವಾರಕ್ಕೊಮ್ಮೆ ಡಾಕ್ಟರು.

ಮೊದಲ ತಿಂಗಳ ಲೆಕ್ಕ ಹೋದ ಮೇಲೆ ಹೊರದೇಶದಿಂದ ಸಂಸ್ಥೆಯ ಮೇಡಂ ವಿಡಿಯೋದಲ್ಲಿ ಬಂದು, ನಿಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದಕ್ಕೇ ಏಕೆ ಹುಟ್ಟುತ್ತಾರೆ ಎಂದು ಕೇಳಿದರು. ಕಾರಣ ಸರಳವಾಗಿತ್ತು. ತಾಯಂದಿರಿಗೆ ತಾರೀಖು ಗೊತ್ತಿಲ್ಲ. ತಾರೀಖು ತುಂಬದೆ ಫೋನು ಮುಂದೆ ಹೋಗುವುದಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದಲಿ ಎಂದು ಜೂನ್ ಒಂದು ಬರೆದುಬಿಡುವುದು ಹಳೆಯ ಪದ್ಧತಿ. ಕನ್ನಡದ ಮೇಷ್ಟ್ರುಗಳೂ ಮರಾಠಿ ಮಾಸ್ತರರೂ ಜಗಳವಿಲ್ಲದೆ ಒಪ್ಪಿಕೊಂಡಿರುವ ವಿಷಯ ಬಹುಶಃ ಅದೊಂದೇ. ರಾಯರು ಇಷ್ಟನ್ನೂ ವಿವರಿಸಿ, ಕೊನೆಗೆ, ನನ್ನದೂ ಜೂನ್ ಒಂದೇ ಎಂದರು. ಮೇಡಂ ಅವರಿಗೆ ಮುಂಗಡವಾಗಿ ಶುಭಾಶಯ ಹೇಳಿದರು.

"ಜೂನ್ ಒಂದಕ್ಕೆ ಹುಟ್ಟಿದ್ದು ನನ್ನ ಸರ್ಟಿಫಿಕೇಟು" ಎಂದರು ರಾಯರು, ಕರೆ ಮುಗಿದ ಮೇಲೆ. "ನಾನು ಹುಟ್ಟಿದ್ದು ಮಳೆಗಾಲದ ನಡುವೆ, ಆಟಿ ತಿಂಗಳ ಅಮಾವಾಸ್ಯೆಯ ಹಿಂದಿನ ದಿನ. ಅಮ್ಮನಿಗೆ ವರ್ಷ ಮರೆತುಹೋಯ್ತು, ಅಮಾವಾಸ್ಯೆ ಮರೀಲಿಲ್ಲ."

ಅದೇ ಅವರಿಗೆ ದಾರಿ ತೋರಿಸಿತು. ಎರಡು ದಿನ ಚಾಪೆಯ ಮೇಲೆ ಕೂತು ತಾಯಂದಿರ ಮಾತು ಕೇಳಿ, ತಾರೀಖಿನ ಜಾಗದಲ್ಲಿ ಹಬ್ಬಗಳ ಪಟ್ಟಿ ಹಾಕಿಸಿದರು: ಕಾರಹುಣ್ಣಿಮೆ, ನಾಗಪಂಚಮಿ, ಸೀಗಿಹುಣ್ಣಿಮೆ, ಎಳ್ಳಮಾವಾಸ್ಯೆ, ಯುಗಾದಿ. ತಾಯಿ ಹಬ್ಬ ಹೇಳಿದರೆ ಫೋನು ತಾರೀಖು ಹುಡುಕಿಕೊಳ್ಳುತ್ತದೆ. ತಾರೀಖುಗಳನ್ನು ರಾಯರೇ ಕೂಡಿಸಿದರು, ನಾನು ಪರಿಶೀಲಿಸಿದೆ. ಜೂನ್ ಒಂದು ಖಾಲಿಯಾಯಿತು. ಮೇಡಂ ಇದನ್ನು ಬೇರೆ ದೇಶಗಳ ಸಭೆಯಲ್ಲೂ ತೋರಿಸಿದರು. ನಾವಿಬ್ಬರೂ ಒಂದು ವಾರ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆವು.

ಡಿಸೆಂಬರಿನಲ್ಲಿ ಶರಣಮ್ಮ ಬಂದಳು. ಜೇವರ್ಗಿ ಕಡೆಯವಳು, ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಮಗಳು ಭಾಗ್ಯಳನ್ನು ತಕ್ಕಡಿಯಲ್ಲಿಟ್ಟರು. ಫೋನು ಹಸಿರು ತೋರಿಸಿತು. ಶರಣಮ್ಮ ಕೂಸನ್ನು ಎತ್ತಿಕೊಳ್ಳದೆ ನಿಂತಳು.

"ಸಾಹೇಬ್ರ, ನನ್ನ ಕೂಸು ಒಣಗಲತಾದ. ನಿಮ್ಮ ಫೋನ ಹಸರ ತೋರಸ್ತದ. ಹ್ಯಾಂಗ್ರಿ ಇದು?"

"ಎಂಟು ತಿಂಗಳಿಗೆ ಈ ತೂಕ ಸಾಕಮ್ಮ" ಎಂದರು ರಾಯರು.

"ಎಂಟು ಯಾಕ್ರಿ? ಒಂಬತ್ತು ತುಂಬ್ಯಾವ. ಯುಗಾದಿ ದಿನಾ ಹಡದೀನಿ. ಅವತ್ತು ಮರಾಠ್ಯಾರ ಮನಿ ಮನಿಗಿ ಕೋಲಿಗಿ ಸೀರಿ ಸುತ್ತಿ ಗುಢಿ ಕಟ್ಟಿದ್ರು. ಮೆರವಣಿಗಿ ಅಂತ ರೋಡ್ ಬಂದ್ ಮಾಡಿದ್ರು, ದವಾಖಾನಿಗಿ ಹೋಗಲಾಕ ರಿಕ್ಷಾ ಸಿಗಲಿಲ್ಲ. ನಾ ಮರೀತೀನೇನ್ರಿ?"

ರಾಯರು ಚಾಪೆಯಿಂದ ಎದ್ದು ನಿಂತರು. ಕೆಲಸದ ಹೊತ್ತಿನಲ್ಲಿ ಅವರು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕರಾವಳಿಯ ನಮ್ಮ ಮನೆಗಳಲ್ಲಿ ಹೊಸ ವರ್ಷವೆಂದರೆ ಬಿಸು, ಏಪ್ರಿಲಿನ ನಡುವೆ ಬರುವ ಸೌರ ಯುಗಾದಿ. ರಾಯರು ಪಟ್ಟಿಗೆ ಹಾಕಿದ್ದು ಅದನ್ನು. ಶರಣಮ್ಮನ ಚಾಂದ್ರಮಾನ ಯುಗಾದಿ, ಮರಾಠಿಯವರ ಗುಢಿ ಪಾಡ್ವಾ, ಎರಡೂ ಒಂದೇ ದಿನ. ಆ ವರ್ಷ ಬಿಸುವಿಗಿಂತ ಹತ್ತಿರ ಹತ್ತಿರ ಒಂದು ತಿಂಗಳು ಮೊದಲೇ ಬಂದಿತ್ತು. ನಲವತ್ತು ವರ್ಷ ಡೊಂಬಿವಲಿಯಲ್ಲಿ ಕಿಟಕಿಯಿಂದ ಪಾಡ್ವಾ ಮೆರವಣಿಗೆ ನೋಡಿ, ಪಕ್ಕದ ಮನೆಯವರು ಕಳಿಸಿದ ಶ್ರೀಖಂಡ ತಿಂದ ಮನುಷ್ಯ ಅವರು. ಪರಿಶೀಲಿಸಿದ ನಾನೂ ಬಿಸುವಿಗೆ ಹೊಸ ಬಟ್ಟೆ ಹಾಕಿಕೊಂಡು ಬೆಳೆದವಳೇ.

"ನನಗೆ ಗೊತ್ತಿಲ್ಲದ್ದಲ್ಲ ಮಾರಾಯ್ತಿ" ಎಂದರು ಮೆಲ್ಲಗೆ. "ಬರೆಯುವಾಗ ಕೈ ಮನೆಗೆ ಹೋಯ್ತು."

ತಾರೀಖು ಸರಿಮಾಡಿ ನೋಡಿದರೆ ಭಾಗ್ಯ ಹಳದಿ. ಯುಗಾದಿಯ ಆಸುಪಾಸು ಹುಟ್ಟಿದ ಇನ್ನೂ ಕೆಲವು ಕೂಸುಗಳೂ ಹಳದಿ. ಹಬ್ಬದ ಪಟ್ಟಿ ಬಂದ ಮೇಲೆ ಒಂದು ತಿಂಗಳಿಂದ ಅವಕ್ಕೆ ಮೊಟ್ಟೆಯಿಲ್ಲ, ಡಾಕ್ಟರಿಲ್ಲ. ನನಗೆ ನಾಚಿಕೆಯಿಂದ ಶರಣಮ್ಮನ ಮುಖ ನೋಡಲಾಗಲಿಲ್ಲ. ತಪ್ಪನ್ನು ಮೇಡಂಗೆ ತಿಳಿಸಿದಾಗ ಅವರು ತುಂಬ ಸೌಜನ್ಯದಿಂದಲೇ ಉತ್ತರಿಸಿದರು: ಚಿಂತಿಸಬೇಡಿ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸೋಣ, ಮೂರು ತಿಂಗಳಲ್ಲಿ ಬರುತ್ತದೆ, ಅಲ್ಲಿಯವರೆಗೆ ಇದನ್ನು ವರದಿಯಲ್ಲಿ ಎತ್ತಬೇಕಾಗಿಲ್ಲ.

"ಮೂರು ತಿಂಗಳು ಅಂದ್ರೆ ಆ ಮಗು ಇಷ್ಟರವರೆಗೆ ಬದುಕಿದ್ದರಲ್ಲಿ ಮೂರನೇ ಒಂದು ಪಾಲು" ಎಂದರು ರಾಯರು.

ಮರುದಿನವೇ ಅವರು ತೂಕದ ಲೆಕ್ಕದ ಫೋನುಗಳನ್ನೆಲ್ಲ ಸಂಗ್ರಹಿಸಿ ಬಾಲವಾಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರು. ಟೀಚರ ಕೈಗೆ ಒಂದು ನೋಟುಬುಕ್ಕು, ತಮ್ಮ ಕೆಂಪು ಪೆನ್ಸಿಲು ಕೊಟ್ಟರು. ಆಮೇಲೆ ಯುಗಾದಿಯ ಕೂಸುಗಳ ಮನೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, "ತಪ್ಪು ನನ್ನದು, ನಾಳೆಯಿಂದ ಮೊಟ್ಟೆ ಬರ್ತದೆ" ಎಂದು ಹೇಳಿ ಬಂದರು. ಕೆಲವರು ಅವರನ್ನು ಮೊಟ್ಟೆ ಮಾರುವವರೆಂದು ತಿಳಿದು ಬೇಡ ಎಂದರು. ವರದಿಯ ಮೊದಲ ಸಾಲಿನಲ್ಲೇ ತಪ್ಪು ತಮ್ಮದೆಂದು ಬರೆದರು. ಸಂಸ್ಥೆ ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಒಂದು ಪತ್ರ ಕಳಿಸಿತು. ಅದೇ ಪತ್ರದ ಕೊನೆಯಲ್ಲಿ, ಅವರ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದೂ ಇತ್ತು.

ಆಮೇಲೆ ನಾನು ಖಾರಘರದ ಬೇರೊಂದು ಕಚೇರಿಗೆ ಸೇರಿದೆ. ರಾಯರು ಮನೆಯಲ್ಲೇ ಇದ್ದರು, ಲಿಫ್ಟು ನೋಡುತ್ತಿದ್ದರು. ಹಬ್ಬದ ಪಟ್ಟಿಯನ್ನು ಪ್ರತಿ ವರ್ಷ ಪಂಚಾಂಗ ಹಿಡಿದು ಹೊಸದು ಮಾಡಿ ನನ್ನ ಫೋನಿಗೆ ಕಳಿಸುತ್ತಿದ್ದರು. ಅದರಲ್ಲಿ ಯುಗಾದಿಯ ಕೆಳಗೆ ಎರಡು ಕೆಂಪು ಗೆರೆ. ಕಳೆದ ಚಳಿಗಾಲದಲ್ಲಿ ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರ ಅಣ್ಣ ಮರಣದ ಫಾರಂ ಅನ್ನು ನನ್ನತ್ತ ಸರಿಸಿದರು, ತುಂಬಿದ್ದು ನಾನು. ಹುಟ್ಟಿದ ದಿನದ ಜಾಗದಲ್ಲಿ ಆಟಿ ಅಮಾವಾಸ್ಯೆಯ ಹಿಂದಿನ ದಿನ ಎಂದು ಬರೆಯುವ ಹಾಗಿರಲಿಲ್ಲ. ಜೂನ್ ಒಂದು ಎಂದು ಬರೆದೆ. ಆಗ ಅಳು ಬಂತು.

ವಿಷಯ ತಿಳಿಸಲು ಕೋಪರಖೈರಣೆಗೆ ಹೋದೆ. ಭಾಗ್ಯ ಈಗ ಮುನಿಸಿಪಾಲ್ಟಿ ಶಾಲೆಗೆ ಹೋಗುತ್ತಾಳೆ, ಗುಂಡುಗುಂಡಾಗಿದ್ದಾಳೆ; ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸಿದಳು. ಶರಣಮ್ಮ ಸುದ್ದಿ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು.

"ಯಾವಾಗ ಹೋದ್ರು?"

ತಾರೀಖು ಹೇಳಿದೆ. ನಾನು ಇನ್ನೂ ಏನೋ ಹೇಳಲಿಕ್ಕಿದೆ ಎಂಬಂತೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾವ ಹಬ್ಬದಾಗ್ರಿ?"

ನನಗೆ ಗೊತ್ತಿರಲಿಲ್ಲ. ಫೋನು ತೆಗೆದು, ರಾಯರು ಕೊನೆಯದಾಗಿ ಕಳಿಸಿದ ಪಟ್ಟಿಯಲ್ಲಿ ಹುಡುಕಿದೆ.

"ಎಳ್ಳಮಾವಾಸ್ಯೆ ಆಗಿ ಮೂರನೇ ದಿನ."

"ಹಂಗಂದ್ರ ನೆನಪಿರ್ತದ ಬಿಡ್ರಿ" ಎಂದಳು ಶರಣಮ್ಮ.