ಅಕ್ಕ ಹೊಲಿದ ಕೊನೆ

ನನ್ನಕ್ಕ ಹುಟ್ಟಾ ಪುಕ್ಕಲು. ಬೆಕ್ಕು ಪಾತ್ರೆ ಉರುಳಿಸಿದರೂ ನನ್ನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು. ತೊಂಬತ್ತರ ದಶಕದಲ್ಲಿ ಅಪ್ಪನ ಬೈಂಡಿಂಗ್ ಅಂಗಡಿಗೆ ಹದಿಹರೆಯದವರ ದೆವ್ವದ ಕಾದಂಬರಿಗಳು ರಾಶಿರಾಶಿ ಬರುತ್ತಿದ್ದವು. ಮಡಿಸಿದ ಅಚ್ಚು ಹಾಳೆಗಳಿಗೆ ನಾವು ಫಾರಂ ಅನ್ನುತ್ತಿದ್ದೆವು. ಅವನ್ನು ಸಾಲಾಗಿ ಜೋಡಿಸಿ ಹೊಲಿಯುವುದು ಅಕ್ಕನ ಕೆಲಸ, ಹೊಲಿಯುತ್ತಲೇ ಓದುವುದು ಅವಳ ಚಟ.

ಅವಳಿಗೆ ಅಚ್ಚುಮೆಚ್ಚಾಗಿದ್ದ ಕಥೆಯಲ್ಲಿ ಮಹಡಿಯ ಕೋಣೆಯೊಳಗಿಂದ ಯಾರೋ ಬಾಗಿಲು ಬಡಿಯುತ್ತಾರೆ. ಹುಡುಗಿ ನಡುಗುತ್ತಾ ಹೋಗಿ ತೆರೆದರೆ ಅವಳ ತಂಗಿ ಅಳುತ್ತಾ ಕೂತಿರುತ್ತಾಳೆ, ಅಷ್ಟೇ! "ಬಾಗಿಲ ಹಿಂದೆ ಇರೋರು ನಮ್ಮೋರೇ ಕಣೇ," ಅನ್ನತೊಡಗಿದಳು ಅಕ್ಕ. ಅಮ್ಮ ಮುನಿಸಿಕೊಂಡು ಚಿಲಕ ಹಾಕಿಕೊಂಡಾಗ, ಭಾವ ಕೆಲಸ ಕಳೆದುಕೊಂಡು ಕೋಣೆ ಸೇರಿದಾಗ, ಹೋಗಿ ಬಾಗಿಲು ಬಡಿದವಳು ಅವಳೇ. ಗಟ್ಟಿಗಿತ್ತಿ ಅನ್ನಿಸಿಕೊಂಡ ನಾನು ಅಡುಗೆಮನೆ ಬಿಟ್ಟು ಕದಲುತ್ತಿರಲಿಲ್ಲ.

ಹೋದ ತಿಂಗಳು ಹಳೆ ಪುಸ್ತಕದಂಗಡಿಯಲ್ಲಿ ಅದೇ ಕಾದಂಬರಿಯ ಬೇರೊಂದು ಪ್ರತಿ ಸಿಕ್ಕಿತು. ಅಂದು ಬೆವರಿಳಿಸಿದ್ದ ಪುಟಗಳನ್ನು ಅಕ್ಕ ಕಿಸಕಿಸ ನಗುತ್ತಾ ಓದಿದಳು. ಕೊನೆಗೆ ಬಂದಾಗ ಮುಖ ಬಿಳುಚಿತು. ತಂಗಿಯೇ ಇಲ್ಲ! ಬಾಗಿಲು ತೆರೆದವಳನ್ನು ಕತ್ತಲು ನುಂಗಿಬಿಡುತ್ತದೆ. ಆಗ ಹೊಳೆಯಿತು, ಓದುವ ಭರದಲ್ಲಿ ಅಂದು ಅಕ್ಕ ಪಕ್ಕದ ರಾಶಿಯಲ್ಲಿದ್ದ ಯಾವುದೋ ಸಂಸಾರದ ಕಾದಂಬರಿಯ ಕೊನೆ ಫಾರಂ ಸೇರಿಸಿ ಹೊಲಿದುಬಿಟ್ಟಿದ್ದಳು. ಎರಡರಲ್ಲೂ ನಾಯಕಿ ಬರೀ 'ಅವಳು', ಗೊತ್ತಾಗುವುದಾದರೂ ಹೇಗೆ? ನಾನು ಬಿದ್ದುಬಿದ್ದು ನಕ್ಕೆ. ಅಕ್ಕ ನಗಲಿಲ್ಲ. ಪುಸ್ತಕ ಊಟದ ಮೇಜಿನ ಮೇಲೆಯೇ ಉಳಿಯಿತು.

ಮೊನ್ನೆ ಅವಳ ಮಗಳು ಪರೀಕ್ಷೆಯಲ್ಲಿ ಫೇಲಾಗಿ ಕೋಣೆಗೆ ಚಿಲಕ ಹಾಕಿಕೊಂಡಳು. ಬೆಳಗಿನ ತಿಂಡಿ ಮಧ್ಯಾಹ್ನವಾದರೂ ಬಾಗಿಲ ಹೊರಗೇ ಇತ್ತು. ಕರೆದರೆ ಉತ್ತರವಿಲ್ಲ. ಅಕ್ಕ ಬಡಿಯಲು ಕೈ ಎತ್ತುವಳು, ಇಳಿಸುವಳು.

"ಒಳಗೆ ಏನಾದ್ರೂ ಮಾಡ್ಕೊಂಡಿದ್ರೆ?" ಅಂದಳು.

"ಬಿಡ್ತು ಅನ್ನು! ಬಡಿಯೇ ಅಕ್ಕ ಸುಮ್ನೆ!" ಎಂದು ಗದರಿದೆ.

ಅವಳ ಕೈಲಾಗಲಿಲ್ಲ. ನೆಲದ ಮೇಲೆ ಕುಸಿದು ಕೂತು, ಬಾಗಿಲಿಗೆ ತಲೆ ಆನಿಸಿ, ಆ ಹಳೆ ಕಥೆ ಹೇಳತೊಡಗಿದಳು. ಮಧ್ಯೆ ಮಧ್ಯೆ ಬಿಕ್ಕುತ್ತಿದ್ದಳು. ಹುಡುಗಿ ಮಹಡಿಯ ಬಾಗಿಲ ಮುಂದೆ ಬಂದಲ್ಲಿ ನಿಲ್ಲಿಸಿದಳು.

"ಆಮೇಲೇನಾಯ್ತು ಅಂತ ಗೊತ್ತಾಗ್ಬೇಕಾದ್ರೆ ಬಾಗಿಲು ತೆಗಿ ಪುಟ್ಟಿ."

ಸ್ವಲ್ಪ ಹೊತ್ತಿನ ಮೇಲೆ ಚಿಲಕ ಸರಿಯಿತು. ಕಣ್ಣು ಊದಿಸಿಕೊಂಡು ಮಗಳು ನಿಂತಿದ್ದಳು. ಅಕ್ಕ ಅವಳನ್ನು ಬಾಚಿ ತಬ್ಬಿಕೊಂಡು, "ಒಳಗೆ ಅವಳ ತಂಗಿ ಇದ್ಲು," ಅಂದಳು.

"ಸುಳ್ಳು. ಮೇಜಿನ ಮೇಲಿತ್ತಲ್ಲ, ನಾನೂ ಓದಿದೀನಿ. ಕತ್ತಲು ನುಂಗುತ್ತೆ."

"ಗೊತ್ತಿದ್ದೂ ಯಾಕೆ ತೆಗೆದೆ?"

"ಬಾಗಿಲಾಚೆ ನೀನು ಅಳ್ತಿದ್ದೆ ಅಮ್ಮ."