ಶೇಂಗಾ ಬುಟ್ಟಿ ಬರಿದಾಗುವ ತನಕ

ಮೇಲವಂಕಿಯ ಶಿವಗಂಗವ್ವನಿಗೆ ಕುತೂಹಲ ಹುಟ್ಟಿನಿಂದಲೇ ಬಂದದ್ದು. ಯಾರ ಮನೆಯ ಎಮ್ಮೆ ಈದಿತು, ಯಾರ ಬೀಗರು ಉಣ್ಣದೆ ಎದ್ದು ಹೋದರು, ಎಲ್ಲವೂ ಅವಳಿಗೆ ಬೇಕು. ಊರ ಉಸಾಬರಿ ಇವಳಿಗ್ಯಾಕೆ ಅಂದವರುಂಟು. ಹಾಗೆಂದವರೇ ತಮ್ಮ ಮನೆಯ ಗೋಳು ಹೇಳಿಕೊಳ್ಳಲು ಮೊದಲು ಅವಳ ಕಟ್ಟೆಗೆ ಬರುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಗ್ರಾಮಸೇವಿಕೆಯೊಬ್ಬಳು ಊರಿಗೆ ಬಂದು ಮಹಿಳಾ ಮಂಡಳ ಕೂಡಿಸಿದಳು. ಹೊಗೆಯಿಲ್ಲದ ಒಲೆಯ ಚಿತ್ರ ತೋರಿಸಿ, ಇನ್ನೇನು ಕಲಿಯಬೇಕೆಂದು ಕೇಳಿದಳು.

“ಒಲಿ ಇರಲಿ ಅಕ್ಕಾರ,” ಅಂದಳು ಶಿವಗಂಗವ್ವ. “ಹದಿನಾಲ್ಕು ವರ್ಷದ ಮಕ್ಕಳು ಮಾರಿ ಉಬ್ಬಿಸ್ಕೊಂಡು ಕುಂತ್ರ ಏನ ಮಾಡಬೇಕು, ಅದನ್ನ ಹೇಳ್ರಿ.”

ಇನ್ನೂ ಮದುವೆಯಾಗದ ಆ ಹುಡುಗಿ ಚೀಲದಲ್ಲಿದ್ದ ಪುಸ್ತಕವನ್ನೆಲ್ಲ ತಿರುವಿ ಹಾಕಿದಳು. “ಇದರಾಗ ಇಲ್ಲರಿ. ನೀವ ಹುಡುಕ್ರಿ, ನಾನೂ ಕಲೀತೇನಿ.”

ಹುಡುಕಿದ್ದು ಶಿವಗಂಗವ್ವನೇ. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಒಡೆಯಲು ಹೆಂಗಸರಲ್ಲಿ ಮುಯ್ಯಿ ನಡೆಯುತ್ತಿತ್ತು: ಇವತ್ತು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ. ಮಕ್ಕಳನ್ನೂ ಹಾಗೆ ಮುಯ್ಯಿಗೆ ಕಳಿಸಿದರೆ ಹೇಗೆ? ಹೆತ್ತವಳ ಮುಂದೆ ತುಟಿ ಬಿಚ್ಚದ ಮಕ್ಕಳು ಪಕ್ಕದ ಮನೆಯವಳ ಮುಂದೆ ಬಾಯಿ ಬಿಡುವುದನ್ನು ಅವಳು ನೋಡಿದ್ದಳು. ಅದಕ್ಕೊಂದು ಕಟ್ಟಳೆಯನ್ನೂ ಮಾಡಿದಳು. ಇಬ್ಬರೂ ಕೂತು ಒಂದು ಬುಟ್ಟಿ ಶೇಂಗಾ ಒಡೆಯಬೇಕು. ಬುಟ್ಟಿ ಬರಿದಾಗುವ ತನಕ ದೊಡ್ಡವಳು ಬುದ್ಧಿ ಹೇಳಕೂಡದು, ಕೇಳಬೇಕಷ್ಟೆ. ಕೇಳಿದ್ದನ್ನು ಆ ಮಗು ಒಪ್ಪಿದರೆ ಮಾತ್ರ ಅದರ ತಾಯಿಗೆ ಮುಟ್ಟಿಸಬೇಕು.

ಸಾಲಿ ತಪ್ಪಿಸುತ್ತಿದ್ದ ಮಗನಿಗೆ ಮಂಡಳದ ಹನಮವ್ವ ಮೂರು ಸಲ ದೃಷ್ಟಿ ತೆಗೆದಿದ್ದಳು. ಒಡೆದ ಗಂಟಲಲ್ಲಿ ಪಾಠ ಓದಿದರೆ ಎಲ್ಲರೂ ನಗುತ್ತಾರೆ ಎಂಬುದೇ ಅವನ ಸಂಕಟವೆಂದು ಮುಯ್ಯಿಯಲ್ಲಿ ತಿಳಿಯಿತು. ಹುಡುಗನ ಒಪ್ಪಿಗೆಯಿಂದ ಅದು ಮಾಸ್ತರರ ತನಕ ಹೋಯಿತು, ಹನಮವ್ವನ ಒಲೆಯಲ್ಲಿ ಮೆಣಸಿನಕಾಯಿ ಸುಡುವುದು ನಿಂತಿತು.

ಮಂಡಳದಲ್ಲಿ ಶಿವಗಂಗವ್ವನ ಮಾತೇ ಮಾತು. ಬೇರೆಯವರ ಮಕ್ಕಳ ಗುಟ್ಟು ಹೇಳುವಂತಿಲ್ಲ. ಉದಾಹರಣೆಗೆ ತನ್ನ ಮಗಳು ಚನ್ನವ್ವ ಇದ್ದಳಲ್ಲ. ಚನ್ನಿ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಳು, ಯಾವುದಕ್ಕೆ ಅತ್ತಳು, ತಾನು ಹೇಗೆ ಸಂಭಾಳಿಸಿದೆ ಎಂದು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು. ಹೆಂಗಸರು ನಗುತ್ತ ನಗುತ್ತ ಕಲಿಯುತ್ತಿದ್ದರು.

ಮರುವರ್ಷ ಹೋಳಿಹುಣ್ಣಿಮೆಯ ಹೊತ್ತಿಗೆ ಚನ್ನವ್ವ ತಾಯಿಯೊಡನೆ ಮಾತು ಬಿಟ್ಟಳು. ಕೇಳಿದ್ದಕ್ಕೆ ಹೂಂ, ಇಲ್ಲವೇ ಊಹೂಂ. ದೀಪದ ಬುಡದಲ್ಲೇ ಕತ್ತಲೆ. ಎದುರಿಗಿದ್ದೂ ಮಗಳು ಕೈಬಿಟ್ಟು ಹೋಗುತ್ತಿದ್ದಾಳೆಂದು ಶಿವಗಂಗವ್ವನಿಗೆ ಭಯವಾಯಿತು. ಬಾಜೂ ಮನೆಯ ಅಲ್ಲವ್ವನಲ್ಲಿಗೆ ಮುಯ್ಯಿಗೆ ಕಳಿಸಿದಳು. ಅಲ್ಲಿ ಹುಡುಗಿ ಎರಡು ಬುಟ್ಟಿ ಒಡೆಯುವಷ್ಟು ಹೊತ್ತು ಮಾತಾಡಿದಳಂತೆ. ಅವತ್ತೇ ಶಿವಗಂಗವ್ವ ಸಿಹಿ ಮಾದಲಿ ಮಾಡಿ, ಮೇಲೆ ತುಪ್ಪ ಸುರಿದು ಅಲ್ಲವ್ವನ ಮನೆಗೆ ಒಯ್ದಳು.

“ಏನಂದ್ಳು ಚನ್ನಿ?”

ಅಲ್ಲವ್ವ ಪೂರಾ ತಿಂದು ಕೈ ತೊಳೆದಳು. “ಮಾದಲಿ ಚಲೋ ಆಗೇತಿ.”

“ನಾ ಹಡದಾಕಿ ಅಲ್ಲೇನ?”

“ಕಟ್ಟಳೆ ಮಾಡಿದಾಕಿನೂ ನೀನ ಅಲ್ಲೇನ?”

ಎರಡು ದಿನದ ಮೇಲೆ, ಮಧ್ಯಾಹ್ನ, ಹಿತ್ತಲಿನಿಂದ ಹೊರಗೆ ಹೋದ ಚನ್ನವ್ವ ಬುಟ್ಟಿ ಹೊತ್ತುಕೊಂಡು ಮುಂಬಾಗಿಲಿನಿಂದ ಒಳಗೆ ಬಂದಳು.

“ಕಾಕು, ನಾ ಬಾಜೂ ಮನಿ ಹುಡುಗಿ ಅಂತ ತಿಳಕೋರಿ. ಮುಯ್ಯಿಗೆ ಬಂದೇನಿ.”

ಹೆತ್ತವಳನ್ನೇ ಚಿಕ್ಕಮ್ಮ ಅಂದದ್ದು ಕೇಳಿ ಶಿವಗಂಗವ್ವನಿಗೆ ನಗು ಬಂತು. ಮಗಳ ಮುಖ ನೋಡಿ ಹೋಯಿತು. ಚಾಪೆ ಹಾಸಿದಳು. ಇಬ್ಬರೂ ಒಡೆಯಲು ಕೂತರು.

“ನಮ್ಮವ್ವ ಭಾಳ ಶ್ಯಾಣ್ಯಾಕಿ,” ಅಂದಳು ಚನ್ನವ್ವ. “ಮಂಡಳದಾಗ ಆಕಿ ಮಾತಿಗೆ ಎಲ್ಲಾರೂ ಗೋಣ ಹಾಕ್ತಾರ. ನಾ ದೊಡ್ಡಾಕಿ ಆದ ದಿನ ರಕ್ತ ನೋಡಿ ಅತ್ತಿದ್ದೆ. ಅದನ್ನೂ ಅಲ್ಲಿ ಹೇಳ್ಯಾಳ. ಈಗ ನಾ ನೀರಿಗೆ ಹೋದ್ರ, ‘ಏನ ಚನ್ನಿ, ಇನ್ನೂ ಜೀವ ಐತೆಲ್ಲಾ’ ಅಂತ ನಗ್ತಾರ. ಅವತ್ತ ನಾ ಖರೇನ ಸಾಯ್ತೇನಿ ಅಂತ ತಿಳದಿದ್ದೆ, ಕಾಕು.”

ಉಳಿದ ತಾಯಂದಿರು ತಮ್ಮ ಮಕ್ಕಳಿಗೆ ಮೊದಲೇ ತಿಳಿಸಿ ಹೇಳಲಿ ಎಂದೇ ಅದನ್ನು ಹೇಳಿದ್ದು. ಆ ಮಾತು ಶಿವಗಂಗವ್ವನ ನಾಲಗೆಯ ತುದಿಗೆ ಬಂತು. ಬುಟ್ಟಿಯಲ್ಲಿ ಇನ್ನೂ ಅರ್ಧ ಶೇಂಗಾ ಇತ್ತು. ಒಡೆದಳು. ಒಡೆಯುತ್ತ ಒಡೆಯುತ್ತ ಆ ಮಾತಿನ ಜೋರು ಕಡಿಮೆಯಾಯಿತು. ಅಂದು ಹೆಂಗಸರು ನಕ್ಕದ್ದು ನೆನಪಾಯಿತು. ನಗಿಸಿದೆನೆಂದು ತಾನು ಹಿಗ್ಗಿದ್ದೂ ನೆನಪಾಯಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಬುಟ್ಟಿ ಬರಿದಾದಾಗ ಕಟ್ಟಳೆಯ ಪ್ರಶ್ನೆಯನ್ನಷ್ಟೇ ಕೇಳಿದಳು.

“ನಿಮ್ಮವ್ವಗ ಇದನ್ನ ಹೇಳ್ಲೇನ ತಂಗಿ?”

ಚನ್ನವ್ವ ಸಿಪ್ಪೆ ಬಳಿದು ಬುಟ್ಟಿಗೆ ತುಂಬಿದಳು. “ಹೇಳ್ರಿ. ಆದ್ರ ಆಕಿ ಇದನ್ನೂ ಮಂಡಳದಾಗ ಹೇಳ್ತಾಳ.”

ಮುಂದಿನ ವಾರ ಮಂಡಳ ಶಿವಗಂಗವ್ವನ ಪಡಸಾಲೆಯಲ್ಲೇ ಕೂಡಿತು. ಗ್ರಾಮಸೇವಿಕೆಗೆ ನೀರು ತಂದ ಚನ್ನವ್ವ ಬಾಗಿಲಲ್ಲಿ ನಿಂತಿದ್ದಳು. ಹನಮವ್ವ ಕೂತವಳೇ ಕೇಳಿದಳು: “ಗಂಗವ್ವಾ, ಚನ್ನೀದು ಹೊಸಾ ಸುದ್ದಿ ಏನೈತಿ?”

“ಆಕಿ ಸುದ್ದಿ ಆಕೀದು. ಆಕೀನ್ನ ಕೇಳದ ನಾ ಹೇಳಿದ್ದು ತಪ್ಪಾತು,” ಅಂದಳು ಶಿವಗಂಗವ್ವ. “ಬೇಕಾದ್ರ ನಂದು ಹೇಳ್ತೇನಿ.”

ಹೇಳಿದಳು. ಅವಳು ದೊಡ್ಡವಳಾದಾಗ ಯಾರೂ ಏನನ್ನೂ ತಿಳಿಸಿರಲಿಲ್ಲ. ಸಾಯುವ ರೋಗವೇ ಬಂತೆಂದು ಹೆದರಿ, ಕತ್ತಲಾಗುವ ತನಕ ಜೋಳದ ಕಣಕಿಯ ಬಣವೆಯ ಹಿಂದೆ ಅಡಗಿ ಕೂತಿದ್ದಳು. ಕಟ್ಟಿಕೊಂಡ ಗಂಡನಿಗೂ ಹೇಳದ ಸಂಗತಿ ಅದು. ಯಾರೂ ನಗಲಿಲ್ಲ. ಅಲ್ಲವ್ವ ಮೆಲ್ಲಗೆ “ನಾನೂ” ಅಂದಳು.

ಸಂಜೆ ಶಿವಗಂಗವ್ವ ಒಬ್ಬಳೇ ಶೇಂಗಾ ಒಡೆಯುತ್ತಿದ್ದಳು. ಬುಟ್ಟಿ ತಳ ಕಂಡಿತ್ತು. ಚನ್ನವ್ವ ಬಂದು ಎದುರಿಗೆ ಕೂತು, ತಾನೂ ಒಡೆಯತೊಡಗಿದಳು. ಎಷ್ಟೆಂದರೂ ಆ ತಾಯಿಯ ಮಗಳು, ತಡೆಯಲಾಗಲಿಲ್ಲ.

“ಯವ್ವಾ, ಬಣವಿ ಹಿಂದಿಂದ ನಿನ್ನ ಯಾರ ಕರಕೊಂಡ ಬಂದ್ರು?”

ಶಿವಗಂಗವ್ವ ಚೀಲಕ್ಕೆ ಕೈ ಹಾಕಿ, ಬುಟ್ಟಿಗೆ ಇನ್ನೂ ನಾಲ್ಕು ಬೊಗಸೆ ಶೇಂಗಾ ಸುರಿದುಕೊಂಡು, ಹೇಳತೊಡಗಿದಳು.